ಜೋಂಬಿಗಳಿಗೆ ಬಳ್ಸುವವ್ರ್ ಇಲ್ಯಾ?

ಜೋಂಬಿ ಸಿನಿಮಾ ನೋಡುವಾಗ ಗುಲಾಬಿಯಕ್ಕ ಯಾವತ್ತೂ ಜೋಂಬಿಗಳ ಪಕ್ಷ. ಪರದೆಯ ಮೇಲೆ ಸತ್ತವರು ಎದ್ದು ಕಾಲೆಳೆಯುತ್ತ ಬರುತ್ತಿದ್ದರೆ, ಬದುಕಿದವರು ಬಾಗಿಲಿಗೆ ಕಪಾಟು ಒತ್ತಿ ಬಂದೂಕು ತುಂಬುತ್ತಿದ್ದರೆ, ಇವರು ನನ್ನ ಮನೆಯ ಹಾಲಿನಲ್ಲಿ ಗೋಡೆಗೆ ಒರಗಿ, ಕಾಲು ನೀಡಿ ಕೂತು, ಬೇಸರದಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಅಲ್ಲ ಹೆಣೆ, ಇವ್ರಿಗೆ ಬಳ್ಸುವವ್ರ್ ಯಾರೂ ಇಲ್ಯಾ?”

ಬಳ್ಸುವುದು ಎಂದರೆ ಬಡಿಸುವುದು. ಅವರ ಮನೆಯಲ್ಲಿ ವರ್ಷಕ್ಕೊಂದು ದಿನ ತೀರಿಕೊಂಡ ಹಿರಿಯರಿಗೆ ಬಡಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಯಾರಿಗೆ ಯಾವುದು ಇಷ್ಟವಿತ್ತೋ ಅದನ್ನು ಇಡುವುದು. ಬಂಗುಡೆ ಸಾರು, ಕೋಳಿ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಒಂದು ಲೋಟ. ಮನೆಯ ಹಿರಿಯರೊಬ್ಬರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತಾರೆ. ಸತ್ತವರು ಉಂಡಾಯಿತು ಅನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತೆರೆಯುತ್ತಾರೆ. ಇಷ್ಟನ್ನು ಪ್ರತಿ ವರ್ಷ ತಪ್ಪದೆ ಮಾಡಿಕೊಂಡು ಬಂದ ಹೆಂಗಸಿಗೆ ಜೋಂಬಿ ಸಿನಿಮಾ ಎಂದರೆ, ಸತ್ತವರಿಗೆ ಒಂದು ಮುಷ್ಟಿ ಅನ್ನ ಹಾಕದ ಊರಿನ ಕಥೆ. ಅವರು ಹಸಿದು ಬಂದಿದ್ದಾರೆ. ಅದರಲ್ಲಿ ಹೆದರುವುದಕ್ಕೆ ಏನಿದೆ ಎಂಬುದು ಗುಲಾಬಿಯಕ್ಕನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಗುಲಾಬಿಯಕ್ಕ ಮೀನು ಮಾರುತ್ತಿದ್ದರು. ಮನೆ ಮರವಂತೆಯ ಕಡಲ ಬದಿ. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಮೀನು ಕೊಂಡು, ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಹೊರಡುವವರು. ವಾರದಲ್ಲಿ ನಾಲ್ಕು ದಿನ ತಲ್ಲೂರು, ಉಳಿದಂತೆ ಗುಲ್ವಾಡಿ, ವಂಡ್ಸೆ. ಈ ವರ್ಷ ಮಳೆಗಾಲದ ನಡುವೆ ತೀರಿಕೊಂಡರು. ವಯಸ್ಸು ಅರವತ್ತಾರೋ ಅರವತ್ತೆಂಟೋ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿತ್ತು, ಅದನ್ನು ಅವರೇ ನಂಬುತ್ತಿರಲಿಲ್ಲ. ಗಂಡ ಬಹಳ ಹಿಂದೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ತಾಯಿಮನೆಯಲ್ಲೇ ಇದ್ದರು. ಆ ಮನೆಯಲ್ಲಿ ಅವರ ಜೊತೆ ಇದ್ದವರು ತೀರಿಹೋದ ಅಕ್ಕನ ಮಗ, ದೋಣಿಗೆ ಹೋಗುವ ರಾಘವ, ಅವನ ಹೆಂಡತಿ, ಮದುವೆಯಾಗದ ಅವನ ತಂಗಿ.

ನಾನು ದಿನಪತ್ರಿಕೆಯೊಂದರ ಉಪಸಂಪಾದಕಿ. ಕೆಲಸ ಸಂಜೆ ಪಾಳಿಯದು, ಹಗಲು ತಲ್ಲೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ. ಸಿನಿಮಾ ಪುಟಕ್ಕೆ ಕನ್ನಡಕ್ಕೆ ಡಬ್ ಆದ ಚಿತ್ರಗಳ ಬಗ್ಗೆ ವಾರಕ್ಕೊಂದು ಟಿಪ್ಪಣಿ ಬರೆಯಬೇಕಿತ್ತು. ಒಳ್ಳೆಯ ಚಿತ್ರಗಳನ್ನು ಹಿರಿಯರು ತೆಗೆದುಕೊಳ್ಳುತ್ತಿದ್ದರು. ರಕ್ತ ಹೀರುವವರು, ಎದ್ದು ನಡೆಯುವವರು ನನ್ನ ಪಾಲಿಗೆ. ಹನ್ನೊಂದೂವರೆಗೆ ಗುಲಾಬಿಯಕ್ಕ ನನ್ನ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಿದ್ದರು, ಅವರ ಬಸ್ಸು ಒಂದು ಗಂಟೆಗೆ. ಮೊದಮೊದಲು ಹೊಸ್ತಿಲಾಚೆ ನಿಂತು ನೋಡಿದರು, ಒಂದು ತಿಂಗಳಿಗೆ ಒಳಗೆ ಬಂದು ಕೂತರು. ಹಾಗೆ ಮೂರು ವರ್ಷ, ಮಟಮಟ ಮಧ್ಯಾಹ್ನದಲ್ಲಿ, ಕಿಟಕಿಯಾಚೆ ಕೊಲ್ಲೂರಿನ ಬಸ್ಸುಗಳು ಹಾರ್ನ್ ಹಾಕುತ್ತಿರುವಾಗ, ನಾವಿಬ್ಬರೂ ಲೋಕದ ಬಹುಪಾಲು ದೆವ್ವಗಳನ್ನು ನೋಡಿ ಮುಗಿಸಿದೆವು.

ಅವರಿಗೆ ನನ್ನನ್ನು ಕರೆಯಲು ಎರಡು ರೀತಿಯಿತ್ತು. ಮೀನು ಮಾರುವಾಗ ನಾನು “ಪೇಪರಮ್ಮ”, ಮಾತು ಬಹುವಚನದಲ್ಲಿ: “ಹ್ವಾಯ್ ಪೇಪರಮ್ಮ, ಬಂಗ್ಡೆ ಕಣ್ಣ್ ಕಾಣಿ, ನಿಮ್ಮನ್ನೇ ಕಾಂತಿತ್ತ್!” ಕೈ ತೊಳೆದು ಟಿವಿ ಎದುರು ಕೂತ ಮೇಲೆ ನಾನು “ಹೆಣೆ”, ಏಕವಚನ. ಜೋಂಬಿಗಳಿಗೆ ಮಾತ್ರ ಯಾವಾಗಲೂ ಬಹುವಚನವೇ. “ಅವ್ರ್ ಬಂದ್ರ್ ಕಾಣ್. ಪಾಪ, ಕಾಲಿಗೆ ಮೆಟ್ಟೂ ಇಲ್ಲ.”

ಸಿನಿಮಾದ ಬದುಕಿದವರ ಮೇಲೆ ಅವರಿಗೆ ಗೌರವ ಕಡಿಮೆ. ಊರೆಲ್ಲ ಹಾಳಾಗಿ, ನಾಲ್ಕೈದು ಜನ ದೊಡ್ಡ ಅಂಗಡಿಗೆ ನುಗ್ಗಿ ಸಿಕ್ಕಿದ್ದನ್ನು ತುಂಬಿಕೊಳ್ಳುವ ದೃಶ್ಯ ಇಂಥ ಚಿತ್ರಗಳಲ್ಲಿ ಇದ್ದೇ ಇರುತ್ತದೆ. ಗುಲಾಬಿಯಕ್ಕ ಮುಂದೆ ಬಾಗಿ ಕೂತು ಅವರ ಚೀಲವನ್ನೇ ಗಮನಿಸುತ್ತಿದ್ದರು.

“ಉಪ್ಪ್ ತಕಣ್ಲಿಲ್ಲ.”

“ಯಾರು?”

“ಅವ್ಳೇ, ಆ ಉದ್ದದ್ ಹೆಣ್ಣ್. ಬಿಸ್ಕಿಟ್ ತಕಂಡ್ಲ್, ಬ್ಯಾಟ್ರಿ ತಕಂಡ್ಲ್. ಉಪ್ಪಿಲ್ದೆ ಎಂತ ತಿಂತ್ಲಂಬ್ರ್? ಇವ್ರ್ ಬದ್ಕುವ ಪೈಕಿ ಅಲ್ಲ ಬಿಡ್.”

ಆಕೆ ಅರ್ಧ ಗಂಟೆಯಲ್ಲಿ ಸತ್ತಳು. ಗುಲಾಬಿಯಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ರಕ್ತ ಹೀರುವ ವ್ಯಾಂಪೈರ್‌ಗಳನ್ನು ಅವರು ಬೇರೆಯೇ ಜಾತಿ ಎಂದು ಪರಿಗಣಿಸಿದ್ದರು. ಬಂಗಲೆ, ರೇಷ್ಮೆಯ ಕೋಟು, ಹಗಲೆಲ್ಲ ಪೆಟ್ಟಿಗೆಯಲ್ಲಿ ನಿದ್ದೆ. “ಇವ ಸಾಹುಕಾರ. ಬದ್ಕಿಪ್ಪತಿಗೂ ಕೆಲ್ಸ ಮಾಡ್ಲಿಲ್ಲ, ಸತ್ತ್ ಮೇಲೂ ಇಲ್ಲ.” ಬೆಳ್ಳುಳ್ಳಿಗೆ ಹೆದರುತ್ತಾನೆ ಎಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. “ನಮ್ ಬದಿಗ್ ಬಂದ್ರೆ ಉಪಾಸ ಸಾಯ್ಕ್ ಅವ. ಕೋಳಿ ಸಾರಿನ್ ಒಗ್ಗರ್ಣಿ ವಾಸ್ನಿಗೇ ಬೈಂದೂರ್ ದಾಟಿ ಓಡುಗು.” ಸತ್ತವ ಮತ್ತೆ ಹೇಗೆ ಸಾಯುತ್ತಾನೆ ಎಂದು ನಾನು ಕೇಳಿದೆ. “ಪೇಪರಿನವ್ರಿಗೆ ಇಂಥದ್ದೇ ಪ್ರಶ್ನೆ” ಎಂದರು.

ಅವರ ಒಂದು ಮಾತನ್ನು ನಾನು ಟಿಪ್ಪಣಿಯಲ್ಲಿ ಸೇರಿಸಿದ್ದೆ: ಸತ್ತವರು ಎದ್ದು ಬರುವುದು ಕೋಪಕ್ಕಲ್ಲ, ಹಸಿವಿಗೆ, ಗುಂಡು ಹೊಡೆಯುವ ಬದಲು ಹೆಸರು ಕೇಳಬಹುದಿತ್ತು. ಪುಟದ ಮುಖ್ಯಸ್ಥರು ಅದನ್ನು ಕತ್ತರಿಸಿದರು. ಹೇಳಿದವರು ಯಾರು ಎಂದಿಲ್ಲ ಎಂಬುದು ಕಾರಣ. ಅವರು ಮಾಡಿದ್ದು ಸರಿ. ನಾನಾದರೂ ಹಾಗೇ ಮಾಡುತ್ತಿದ್ದೆ.

ಎರಡನೇ ವರ್ಷದ ಒಂದು ಮಧ್ಯಾಹ್ನ, ಜೋಂಬಿಗಳ ದೊಡ್ಡ ಗುಂಪೊಂದು ಸೇತುವೆ ದಾಟಿ ಬರುವ ದೃಶ್ಯ ನಡೆಯುತ್ತಿತ್ತು. ಗುಂಪಿನವರ ಬಟ್ಟೆ ನೋಡಿ ಯಾರು ಏನು ಕೆಲಸ ಮಾಡುತ್ತಿದ್ದರು ಎಂದು ಹೇಳುವುದು ಗುಲಾಬಿಯಕ್ಕನ ಆಟ. ಇವಳು ನರ್ಸು, ಇವ ಬಸ್ಸಿನವ, ಇವಳು ಮದುವೆ ಮನೆಯಿಂದ ಬಂದವಳು. ಹಾಗೆ ಹೇಳುತ್ತ ಬಂದವರು ತಟ್ಟನೆ, “ನಿಲ್ಸ್” ಎಂದರು.

ನಿಲ್ಲಿಸಿದೆ. ಗುಂಪಿನ ಅಂಚಿನಲ್ಲಿ, ಕೊಳೆಯಾದ ಬಿಳಿ ಏಪ್ರನ್ ಕಟ್ಟಿಕೊಂಡು ಹೆಗಲಿಗೆ ಬಟ್ಟೆ ಹಾಕಿಕೊಂಡವನೊಬ್ಬನಿದ್ದ.

“ಹೋಟ್ಲವ” ಎಂದರು. ಗೋಡೆ ಬಿಟ್ಟು ಮುಂದೆ ಸರಿದು, “ನಮ್ ಶೀನನೂ ಹೋಟ್ಲಿಗೇ ಹೋದದ್ದ್” ಎಂದರು.

ಶೀನ ಅವರ ತಮ್ಮ. ಅಲ್ಲಿಯವರೆಗೆ ನಾನು ಆ ಹೆಸರು ಕೇಳಿರಲಿಲ್ಲ. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವನು. ಕೆಲವು ವರ್ಷ ಕಾಗದ ಬರುತ್ತಿತ್ತು, ಗೌರಿ ಹಬ್ಬಕ್ಕೆ ಅಕ್ಕಂದಿರಿಗೆ ಸೀರೆ ಬರುತ್ತಿತ್ತು. ಆಮೇಲೆ ನಿಂತಿತು. ಆಗ ಅವನಿಗೆ ಇಪ್ಪತ್ತೆರಡು. ಅದಾಗಿ ಸುಮಾರು ನಲವತ್ತು ವರ್ಷ. ಅವನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಅವನು ಇದ್ದಾನೆ ಎಂದು ತಾಯಿ ಸಾಯುವವರೆಗೂ ಹೇಳುತ್ತಿದ್ದರಂತೆ. ಆದ್ದರಿಂದ ಹಿರಿಯರಿಗೆ ಬಡಿಸುವ ದಿನ ಅವನಿಗೆ ಎಲೆ ಹಾಕುತ್ತಿರಲಿಲ್ಲ. ಈಗ ಆ ವಿಷಯ ಎದ್ದಿತ್ತು. ರಾಘವನ ತಂಗಿಗೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪುತ್ತಿದ್ದವು. ಪ್ರಶ್ನೆ ಇಡಿಸಿದಾಗ ಜೋಯಿಸರು, ಮನೆಗೆ ಸೇರಿದ ಸತ್ತವರೊಬ್ಬರು ಹಸಿದಿದ್ದಾರೆ ಎಂದಿದ್ದರು. ರಾಘವ ಈ ವರ್ಷ ಶೀನ ಮಾವನಿಗೂ ಎಲೆ ಹಾಕುವುದೇ ಎಂದು ಹಟ ಹಿಡಿದಿದ್ದ.

“ನೀವೆಂತ ಹೇಳಿದ್ರಿ?” ಎಂದೆ.

“ಬದ್ಕಿಪ್ಪವನಿಗೆ ಎಲೆ ಹಾಕುಕಾಗ ಹೆಣೆ. ನಾವೇ ಕೊಂದ ಹಾಂಗಾತ್ತ್.” ಪರದೆಯ ಮೇಲೆ ನಿಂತೇ ಇದ್ದ ಏಪ್ರನ್ನಿನವನನ್ನು ನೋಡಿದರು. “ಸತ್ತಿದ್ರೆ ಹಾಕ್ದೇ ಇಪ್ಪುಕೂ ಆಗ. ನಲ್ವತ್ತ್ ವರ್ಷ ಹಸ್ದ್ ಇದ್ದ ಅಂಬಂಗಾತ್ತ್.”

ಆಮೇಲೆ ನನ್ನನ್ನು ಬಹುವಚನದಲ್ಲಿ ಕೇಳಿದರು. “ಪೇಪರಮ್ಮ, ನೀವ್ ಕಂಡ್ ಹಿಡಿತ್ರಿಯಾ? ಇತ್ನಾ ಇಲ್ಯಾ, ಒಂದ್ ಗೊತ್ತಾದ್ರೆ ಸಾಕ್.”

ನಾನು ಭರವಸೆ ಕೊಡಲಿಲ್ಲ, ವಿಚಾರಿಸುತ್ತೇನೆ ಎಂದೆ. ಅವರಲ್ಲಿದ್ದ ಮಾಹಿತಿ ಎರಡೇ: ಹೋಟೆಲು ದಾದರ್ ಸ್ಟೇಷನ್ನಿನ ಹತ್ತಿರ, ಮತ್ತು ಅಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದವರು ಬ್ರಹ್ಮಾವರದ ಕಡೆಯವರು. ಆ ಹೋಟೆಲು ಮುಚ್ಚಿ ಬಹಳ ವರ್ಷವಾಗಿತ್ತು. ನಾಲ್ಕು ತಿಂಗಳು ಫೋನು ಮಾಡಿದೆ. ಕೊನೆಗೆ ಆ ಗಲ್ಲೆಯವರೇ ಸಿಕ್ಕಿದರು. ವಾಸಣ್ಣ, ಎಂಬತ್ತರ ಹತ್ತಿರ, ಊರಿಗೆ ಮರಳಿ ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲಿದ್ದರು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಗುಲಾಬಿಯಕ್ಕ ಬುಟ್ಟಿಯಿಲ್ಲದೆ ಬಸ್ಸು ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಇಡೀ ದಾರಿ ಮಡಿಲಲ್ಲಿ ಕೊಡೆ ಹಿಡಿದುಕೊಂಡಿದ್ದರು. ವಾಸಣ್ಣನ ನೆನಪು ಚುರುಕಾಗಿತ್ತು. ಮಾತಿನಲ್ಲಿ ಮುಂಬೈ ಇನ್ನೂ ಇತ್ತು.

“ಶೀನ ಅಲ್ದಾ? ಮರವಂತಿಯವ. ಚಾಯ್ ಕೌಂಟರಾಗೆ ಇದ್ದ. ಏಕ್ದಂ ಪಾಪದವ.”

“ಈಗ ಎಲ್ಲಿತ್ತ?” ಗುಲಾಬಿಯಕ್ಕನ ಪ್ರಶ್ನೆ ಅಷ್ಟೇ ಇತ್ತು.

ವಾಸಣ್ಣ ಅವರನ್ನು ನೋಡಿದರು, ನನ್ನನ್ನು ನೋಡಿದರು. “ಒಂದ್ ಮಳಿಗಾಲ ಅವ್ನಿಗ್ ಕಾಮಾಲೆ ಆಯ್ತ್. ಕಣ್ಣೆಲ್ಲ ಹಳ್ದಿ. ಊರಿಗ್ ಹೋತೆ ಅಂದ. ಸೇಠ್ ರಜೆ ಕೊಟ್ರ್. ಚೀಲ ತಕಂಡ್ ಹೊರ್ಟದ್ದ್ ನಾನೇ ಕಂಡಿದೆ. ಮತ್ತ್ ಬರ್ಲಿಲ್ಲ. ಊರಾಗೇ ಉಳ್ದ ಅಂದೇಳಿ ನಾವ್ ಸುಮ್ನಾದದ್ದ್.” ಮತ್ತೆ ಗುಲಾಬಿಯಕ್ಕನ ಕಡೆ ತಿರುಗಿ, “ಮನಿಗೆ ಮುಟ್ಲಿಲ್ಯಾ?” ಎಂದರು.

ಅಂದರೆ, ಹೋಟೆಲಿನವರು ಅವನು ಊರಿನಲ್ಲಿದ್ದಾನೆ ಎಂದುಕೊಂಡಿದ್ದರು, ಊರಿನವರು ಅವನು ಹೋಟೆಲಿನಲ್ಲಿದ್ದಾನೆ ಎಂದುಕೊಂಡಿದ್ದರು. ಎರಡೂ ಕಡೆ ಯಾರಿಗೂ ಹುಡುಕಬೇಕು ಅನ್ನಿಸಲಿಲ್ಲ. ಯಾವ ಬಸ್ಸು, ಯಾವ ದಿನ, ವಾಸಣ್ಣನಿಗೆ ತಿಳಿದಿರಲಿಲ್ಲ. ಆ ದಾರಿಯ ಆಸ್ಪತ್ರೆಗಳ ಹಳೆಯ ಕಡತ ನಲವತ್ತು ವರ್ಷ ಉಳಿದಿರುವುದಿಲ್ಲ; ಆದರೂ ಕೇಳಿದೆ, ಇರಲಿಲ್ಲ.

ಹಿಂತಿರುಗುವಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಮಾಲೆ ಜೋರಾಗಿದ್ದವನು, ಒಬ್ಬನೇ, ಎರಡು ದಿನದ ಪ್ರಯಾಣ. ಏನಾಗಿರಬಹುದು ಎಂದು ಊಹಿಸಬಹುದು. ಖಚಿತವಾಗಿ ಹೇಳಲು ಆಧಾರವಿಲ್ಲ.

ಗುಲಾಬಿಯಕ್ಕ ಕೇಳಿಸಿಕೊಂಡಿದ್ದು ಬೇರೆ. ಸಾಸ್ತಾನ ದಾಟಿದ ಮೇಲೆ ಮಾತಾಡಿದರು.

“ಹೊರ್ಟದ್ದ್ ಹೌದಲೆ.”

“ಹೌದು.”

“ಮನಿಗೇ ಹೊರ್ಟದ್ದ್ ಅಲ್ದಾ? ನಾನ್ ಇಷ್ಟ್ ವರ್ಷ, ಅವ ನಮ್ಮನ್ನ ಮರ್ತ ಅಂದೇಳಿ ಬೈಕಂಡಿದೆ.” ಕೊಡೆಯ ಹಿಡಿಯನ್ನು ಒರೆಸಿದರು. “ಹೊರ್ಟ್ ದಾರಿ ಮೇಲಿಪ್ಪವನಿಗೆ ಎಲೆ ಹಾಕುಕಾಗ. ಅದೊಂದ್ ಗೊತ್ತಾಯ್ತ್.”

ನಾನು ತಿದ್ದಲು ಹೋಗಲಿಲ್ಲ. ತಿದ್ದಬೇಕಿತ್ತೇ ಎಂದು ಆಮೇಲೆ ಯೋಚಿಸಿದ್ದೇನೆ. ಅವರ ವಾಕ್ಯದಲ್ಲಿ ತಪ್ಪು ಮಾಹಿತಿ ಇರಲಿಲ್ಲ.

ಆಮೇಲೆ ಸಿನಿಮಾ ನೋಡುವ ರೀತಿ ಸ್ವಲ್ಪ ಬದಲಾಯಿತು. ಹಸಿವಿನ ಮಾತು ಬಿಟ್ಟರು. ಸತ್ತವರು ಗುಂಪಾಗಿ ಹೆದ್ದಾರಿಯಲ್ಲಿ ನಡೆಯುವಾಗ, “ಇವ್ರ್ ಎಲ್ಲಿಗ್ ಹೋಪ್ದ್?” ಎಂದು ಕೇಳುತ್ತಿದ್ದರು. ಕಥೆಯಲ್ಲಿ ಅದನ್ನು ಹೇಳಿಲ್ಲ ಎಂದರೆ, “ಮನಿಗೇ ಆಯ್ಕ್. ಮತ್ತೆಲ್ಲಿಗ್ ಹೋತ್ರ್?” ಎಂದು ತಾವೇ ಉತ್ತರ ಹೇಳಿ, ಕೆಲವೊಮ್ಮೆ ಸಿನಿಮಾ ಮುಗಿಯುವ ಮೊದಲೇ ಎದ್ದು ಬಸ್ಸಿಗೆ ಹೋಗುತ್ತಿದ್ದರು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುತ್ತಿತ್ತು.

ಮನೆಯಲ್ಲಿ ಜಗಳ ನಿಂತಿರಲಿಲ್ಲ. ತಂಗಿಗೆ ಬಂದ ಇನ್ನೊಂದು ಸಂಬಂಧವೂ ತಪ್ಪಿತ್ತು. “ಚಿಕ್ಕಿ, ನಿಂಗೆ ಇಲ್ದವ ಬೇಕೋ, ಇಪ್ಪವ್ಳ್ ಬೇಕೋ?” ಎಂದು ರಾಘವ ಕೇಳಿದನಂತೆ. ಅದನ್ನು ನನಗೆ ಹೇಳುವಾಗ ಅವರು ಮೀನು ಕುಯ್ಯುತ್ತಿದ್ದರು, ತಲೆ ಎತ್ತಲಿಲ್ಲ. “ಅವ ಹೇಳುದ್ರಾಗೂ ತಪ್ಪಿಲ್ಲ. ಈ ವರ್ಷ ಬಳ್ಸು ದಿನ ನೀನ್ ಬಾ ಹೆಣೆ. ನೀ ಇದ್ರೆ ಅವ ದೊಡ್ಡ ಬಾಯಿ ಮಾಡ.”

ಹೋದೆ. ಸಂಜೆ ಐದರ ಹೊತ್ತಿಗೆ ಅಡುಗೆ ಮುಗಿದಿತ್ತು. ಸಣ್ಣ ಮನೆ, ಹಿಂದೆ ಕಡಲಿನ ಸದ್ದು. ಒಳಗೋಣೆಯಲ್ಲಿ ಗುಲಾಬಿಯಕ್ಕ ಆರು ಎಲೆ ಹಾಕಿದರು. ರಾಘವ ಏಳನೆಯದನ್ನು ತೊಳೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ಚಿಕ್ಕಿ, ಇದ್?”

“ಅಲ್ಲಿಡ್.”

“ಎಲ್ಲಿ?”

“ಕಟ್ಟಿ ಮೇಲೆ. ನಾಳಿಗ್ ಬೇಕಾತ್ತ್.”

ಅವರು ಅಡುಗೆಮನೆಗೆ ಹೋಗಿ ದಿನಾ ಉಣ್ಣುವ ಒಂದು ಸ್ಟೀಲಿನ ತಟ್ಟೆ ತಂದರು. ಅನ್ನ ಹಾಕಿದರು, ಬಂಗುಡೆ ಸಾರು ಹಾಕಿದರು, ಹುರಿದ ಮೀನಿನ ಒಂದು ತುಂಡು ಬದಿಗಿಟ್ಟರು. ಅದರ ಮೇಲೆ ಇನ್ನೊಂದು ತಟ್ಟೆ ಕವುಚಿ ಮುಚ್ಚಿದರು. ಒಳಗೋಣೆಗೆ ತರಲಿಲ್ಲ. ಒಲೆಯ ಪಕ್ಕದಲ್ಲಿಟ್ಟರು.

“ಇದೆಂತ ಈಗ?” ರಾಘವನ ಧ್ವನಿ ಏರಿತು.

“ನೀ ದೋಣಿಂದ ಬಪ್ಪುದ್ ತಡ ಆದ್ರೆ ನಿಂಗೆ ತೆಗ್ದ್ ಇಡ್ತಿಲ್ಯಾ? ಹಾಂಗೇ ಇದ್. ಬಳ್ಸಿದ್ದಲ್ಲ, ತೆಗ್ದಿಟ್ಟದ್ದ್.”

“ಹಸ್ದಿದ್ದ ಅಂದ್ರಲೆ ಜೋಯಿಸ್ರ್!”

“ಹಸ್ದಿದ್ರೆ ತಿಂತ. ಇದ್ದವನಾದ್ರೂ ತಿಂತ, ಇಲ್ದವನಾದ್ರೂ ತಿಂತ. ಅನ್ನಕ್ಕೆಂತ ಗೊತ್ತಾತ್ತ್?”

“ಹೆಸ್ರ್ ಕರೂದ್ ಬೇಡ್ದಾ?”

“ಮನಿಗ್ ಬಪ್ಪವ್ನನ್ನ ಎಂತಕ್ ಕರೂದ್?”

ರಾಘವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಎಲೆಯನ್ನು ಕಟ್ಟೆಯ ಮೇಲಿಟ್ಟು, ಗಟ್ಟಿಯಾಗಿ ಉಸಿರು ಬಿಟ್ಟು ಅಂಗಳಕ್ಕೆ ಹೋದ. ಗುಲಾಬಿಯಕ್ಕ ಆರು ಹೆಸರು ಕರೆದರು. ತಂದೆ, ತಾಯಿ, ಅಜ್ಜಿ, ಇಬ್ಬರು ಮಾವಂದಿರು, ಅಕ್ಕ. ಬಾಗಿಲು ಮುಚ್ಚಿ ಹೊರಗೆ ಬಂದರು. ಜಗಲಿಯಲ್ಲಿ ಎಲ್ಲರೂ ಕಾಯುತ್ತಿರುವಾಗ ಅವರು ಮಾತ್ರ ಒಳಗೋಣೆಯ ಕಡೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು.

ಆ ತಟ್ಟೆಯ ಅನ್ನವನ್ನು ಮರುದಿನ ಬೆಳಿಗ್ಗೆ ತಾವೇ ಉಂಡೆ ಎಂದು ಆಮೇಲೆ ಹೇಳಿದರು. ಕೆಡಿಸಬಾರದಲ್ಲ ಎಂದರು.

ಅದಾಗಿ ಎಂಟು ತಿಂಗಳಿಗೆ ಅವರು ಹೋದರು. ಮಳೆಗಾಲದಲ್ಲಿ ದೋಣಿಗಳು ನಿಂತು ಮೀನಿಲ್ಲದ ದಿನಗಳಲ್ಲಿ ಅವರು ತಲ್ಲೂರಿಗೆ ಬರುತ್ತಿರಲಿಲ್ಲ, ಆದ್ದರಿಂದ ಬರದಿದ್ದುದರಲ್ಲಿ ನನಗೆ ವಿಶೇಷ ಕಾಣಲಿಲ್ಲ. ಜ್ವರ ಬಂದು ನಾಲ್ಕು ದಿನ ಮಲಗಿದ್ದರಂತೆ. ತೀರಿಕೊಂಡದ್ದು ಬೆಳಿಗ್ಗೆ, ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ. ನನಗೆ ಸುದ್ದಿ ಮುಟ್ಟಿದ್ದು ಮೂರನೇ ದಿನ. ನಿಧನ ವಾರ್ತೆಗಳ ಪುಟ ನೋಡುತ್ತಿದ್ದವಳು ನಾನೇ. ಅವರ ಮನೆಯಿಂದ ಯಾರೂ ಪತ್ರಿಕೆಗೆ ಕೊಟ್ಟಿರಲಿಲ್ಲ. ಹಗಲು ಹೊತ್ತು ಈಗಲೂ ಸಿನಿಮಾ ನೋಡಿ ಟಿಪ್ಪಣಿ ಬರೆಯುತ್ತೇನೆ. ಟಿವಿಯ ಶಬ್ದ ಮೊದಲಿಗಿಂತ ಕಡಿಮೆ ಇಡುತ್ತೇನೆ, ಈಗ ಅದರ ನಡುವೆ ಮಾತಾಡುವವರು ಯಾರೂ ಇಲ್ಲ.

ಈ ವರ್ಷದ ಬಡಿಸುವ ದಿನ ಕಳೆದು ಎರಡು ದಿನಕ್ಕೆ ರಾಘವನ ಫೋನು ಬಂತು. ತಂಗಿಯ ಮದುವೆ ಗೊತ್ತಾಗಿದೆ, ಹುಡುಗ ಉಪ್ಪುಂದದವ ಎಂದ. ಸಂತೋಷ ಎಂದೆ. ಆಮೇಲೆ ಅವನೇ ವಿಷಯಕ್ಕೆ ಬಂದ.

“ಅಕ್ಕ, ಎಲೆ ಎಂಟ್ ಹಾಕಿ ಆಯ್ತ್ ಈ ಸಲ. ಚಿಕ್ಕಿಗೂ, ಶೀನ ಮಾವನಿಗೂ. ಬದಿ ಬದಿಗೆ.”

ಓಡುತ್ತಿದ್ದ ಸಿನಿಮಾವನ್ನು ನಿಲ್ಲಿಸಿದೆ.

“ನೀವ್ ಮತ್ತೆಂತಾರೂ ವಿಚಾರ್ಸಿದ್ರಿಯಾ? ಹೊಸ್ತ್ ಎಂತಾರೂ?”

“ಇಲ್ಲ ರಾಘವ. ಇದ್ದಾರೆ ಅಂತಲೂ ಗೊತ್ತಿಲ್ಲ, ಇಲ್ಲ ಅಂತಲೂ ಗೊತ್ತಿಲ್ಲ.”

“ಗೊ‌ತ್ತಿತ್ತ್. ಚಿಕ್ಕಿ ಇದ್ದಿದ್ರೆ ಹಾಕುಕೆ ಬಿಡ್ತಿರ್ಲಿಲ್ಲ. ಈಗ ಕಾಯುವವ್ರ್ ಯಾರಿತ್ರ್ ಹೇಳಿ?” ಹಿಂದೆ ಯಾರೋ ಅವನನ್ನು ಕರೆದರು, ಬಂದೆ ಎಂದ. ಆದರೆ ಫೋನು ಇಡಲಿಲ್ಲ. “ಚಿಕ್ಕಿ ಹೆಸ್ರ್ ಕರೂವತಿಗ್ ಅರ್ಧಕ್ಕೇ ನಿಂತ್ ಹೋಯ್ತ್ ಅಕ್ಕ, ಎರಡ್ ಸಲ ಕರೂಕಾಯ್ತ್. ಮಾವನ್ ಹೆಸ್ರ್ ಕರೂವತಿಗ್ ಎಂತದೂ ಆಯ್ಲಿಲ್ಲ. ನಮ್ಮನೆಲಿ ಈಗ ಯಾರೂ ಅವ್ರನ್ನ ಕಂಡವ್ರೇ ಅಲ್ಲ ಕಾಣಿ.”